ತುದಿಗಾಲಿನ ಹುಡುಗಿ, ಗೋಡೆಯ ಜಿರಾಫೆ

ನನ್ನ ಒಂದನೇ ಕ್ಲಾಸಿನ ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ತುದಿಗಾಲಲ್ಲಿ ನಡೆಯಲು ಶುರು ಮಾಡಿದಳು.

ಮುಳ್ಳು ಚುಚ್ಚಿರಬೇಕು ಅಂದುಕೊಂಡೆ. ಕೂರಿಸಿಕೊಂಡು ಎರಡೂ ಪಾದ ತಿರುಗಿಸಿ ನೋಡಿದೆ. ಮುಳ್ಳಿಲ್ಲ, ಗಾಯವಿಲ್ಲ. ಶೂ ಕಚ್ಚುತ್ತಿದೆಯಾ? ಅದೂ ಇಲ್ಲ. ‘ಯಾಕೆ ಪುಟ್ಟಾ ಹೀಗೆ ನಡೀತೀಯ?’ ಅಂದೆ. ಮತ್ತೆ ಹಿಮ್ಮಡಿ ಎತ್ತಿಕೊಂಡೇ ಬಿಸಿಯೂಟದ ಸಾಲಿಗೆ ಹೋದಳು.

(ಟೀಚರ್ ಕೆಲಸ ಅಂದರೆ ಅರ್ಧ ಪಾಠ, ಇನ್ನರ್ಧ ಪತ್ತೇದಾರಿ. ನನ್ನ ಅಂಕಣ ಓದುವ ನಿಮಗೆ ಇದು ಹೊಸದಲ್ಲ.)

ಹುಡುಗಿಯ ಹೆಸರು ಮಾನ್ವಿತಾ. ನಮ್ಮದು ಶೆಟ್ಟಿಕೆರೆ ಕಡೆಯ ಪುಟ್ಟ ಶಾಲೆ. ಆ ವಾರ ನಮ್ಮ ಪಾಠ ‘ಉದ್ದ–ಗಿಡ್ಡ’.

ಸುಲಭದ ಪಾಠ ಅಂತೀರಾ? ಆರು ವರ್ಷದ ಮಕ್ಕಳಿಗೆ ಕಲಿಸಿ ನೋಡಿ. ಸ್ಕೇಲು, ಸೆಂಟಿಮೀಟರು ಎಲ್ಲ ಆಮೇಲಿನ ಮಾತು. ಎರಡು ವಸ್ತು ಪಕ್ಕಪಕ್ಕ ಇಟ್ಟು ಯಾವುದು ಉದ್ದ ಅಂತ ಹೇಳುವುದೇ ಮೊದಲ ಮೆಟ್ಟಿಲು. ನಮ್ಮ ಕಡೆ ಅದಕ್ಕೆ ಅಂಗಡಿಯಿಂದ ಏನೂ ತರಬೇಕಿಲ್ಲ. ‘ನಾಳೆ ಎಲ್ಲರೂ ಒಂದೊಂದು ತೆಂಗಿನ ಕಡ್ಡಿ ತನ್ನಿ’ ಅಂದೆ. ಮಾರನೆಯ ದಿನ ಅರ್ಧ ಊರಿನ ಪೊರಕೆಗಳು ಬಡವಾಗಿದ್ದವು.

ದರ್ಶನ್ ಅನ್ನುವ ಹುಡುಗ ತನ್ನ ಕಡ್ಡಿಯನ್ನು ಪಕ್ಕದವನ ಕಡ್ಡಿಗಿಂತ ಮೇಲೆತ್ತಿ ಹಿಡಿದು ‘ನಂದೇ ಉದ್ದ ಕಣ್ಲಾ!’ ಎಂದು ಕೂಗಿದ.

‘ಮೋಸ ಮಿಸ್! ಅವ್ನು ಮ್ಯಾಲಕ್ಕೆ ಎತ್ಕಂಡವ್ನೆ!’ ಪಕ್ಕದವನು ಅಳುವುದೊಂದು ಬಾಕಿ.

ನಾನು ಎರಡೂ ಕಡ್ಡಿಗಳನ್ನು ಮೇಜಿನ ಮೇಲೆ ಬುಡ ಊರಿ ನಿಲ್ಲಿಸಿದೆ. ದರ್ಶನನ ಕಡ್ಡಿ ಸೋತುಹೋಯಿತು. ‘ಬುಡ ಸಮ ಇಕ್ಬೇಕು, ಬುಡ ಸಮ ಇಕ್ಬೇಕು’ ಅಂತ ಇಡೀ ಕ್ಲಾಸು ರಾಗ ಎಳೆಯಿತು. ಇಂಥ ದಿನ ಟೀಚರಿಗೆ ಎಷ್ಟು ಖುಷಿ ಗೊತ್ತಾ?

ಆ ಖುಷಿಯಲ್ಲೇ ‘ಈಗ ನಾವೇ ಜೋಡಿ ಜೋಡಿಯಾಗಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲೋಣ’ ಅಂದುಬಿಟ್ಟೆ.

ಮಾನ್ವಿತಾ ಎದ್ದು ಹೋಗಿ ಗೋಡೆಗೆ ಅಂಟಿಕೊಂಡಳು. ಹಿಮ್ಮಡಿ ಮೇಲೆದ್ದಿತ್ತು.

‘ನನ್ನ ಅಳೀಬ್ಯಾಡಿ ಮಿಸ್. ನಾನು ಬೆಳೀತಿಲ್ಲ.’

ಸಂಜೆ ಅವಳನ್ನು ಕರೆದೊಯ್ಯಲು ಅವಳ ಅಮ್ಮ ಸುಮಾ ಬಂದಾಗ ಪಕ್ಕಕ್ಕೆ ಕರೆದೆ. ನಾನು ಬಾಯಿ ತೆರೆಯುವ ಮೊದಲೇ ಅವಳೇ ಶುರು ಮಾಡಿದಳು.

‘ಮೇಡಂ, ನಾಳೆ ಇವ್ಳು ಸ್ಕೂಲಿಗೆ ಬರಲ್ಲ. ತುಮಕೂರಿಗೆ ದೊಡ್ಡ ಡಾಕ್ಟ್ರತ್ರ ಕರ್ಕಂಡೋಗ್ತಿದೀವಿ.’

‘ಯಾಕಮ್ಮಾ, ಏನಾಗಿದೆ?’

‘ಬೆಳವಣಿಗೆನೇ ನಿಂತೋಗದೆ ಕಣ್ರೀ. ಹೋದ್ ವರ್ಸ ಬರ್ತ್‌ಡೇ ದಿನ ಗೋಡೆ ಚಾರ್ಟಲ್ಲಿ ಇವ್ಳ ಎತ್ತರಕ್ಕೆ ಒಂದು ಗೀಟು ಹಾಕಿದ್ವಿ. ಈ ವರ್ಸ ಬರ್ತ್‌ಡೇಗೆ ನಿಲ್ಸುದ್ರೆ ಅದೇ ಗೀಟು! ಒಂದು ಕೂದ್ಲೆಳೆಯಷ್ಟೂ ಮ್ಯಾಲಕ್ಕೋಗಿಲ್ಲ.’

ಆಮೇಲೆ ಒಂದೊಂದೇ ಹೊರಬಂತು. ದಿನಾ ಬೆಳಿಗ್ಗೆ ಮಗು ಕಿಟಕಿಯ ಕಂಬಿಗೆ ಜೋತುಬೀಳಬೇಕು. ಮುದುರಿ ಮಲಗುವ ಹಾಗಿಲ್ಲ. ಟಿವಿಯಲ್ಲಿ ಬರುವ ಪೌಡರು ಹಾಲಿಗೆ ಎರಡು ಪಟ್ಟು. ಪಕ್ಕದ ಮನೆಯ ಹುಡುಗಿ ಬಂದಾಗಲೆಲ್ಲ ಇವಳನ್ನು ಅವಳ ಪಕ್ಕ ನಿಲ್ಲಿಸಿ ನೋಡುವುದು. ನೋಡಿ ನಿಟ್ಟುಸಿರು ಬಿಡುವುದು.

‘ನಮ್ಮತ್ತೆ ಅಂತಾರೆ, ತಾಯಿ ಕುಳ್ಳಿ, ಮಗಳು ಇನ್ನೇನಾದಾಳು ಅಂತ. ನಾನು ಸ್ಕೂಲಲ್ಲಿ ಅನ್ನಿಸ್ಕಂಡಿದ್ದು ಸಾಕು ಮೇಡಂ. ಇವ್ಳಿಗೂ ಅದೇ ಆಗ್ಬುಟ್ರೆ?’ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸುಮಾ ನನ್ನ ಭುಜಕ್ಕೆ ಬರುತ್ತಾಳೆ ಅನ್ನುವುದನ್ನು ನಾನು ಆವತ್ತೇ ಗಮನಿಸಿದ್ದು.

ನನಗೂ ಹೆದರಿಕೆ ಆಯಿತು. ಆರು ವರ್ಷದ ಮಗು ಒಂದು ವರ್ಷ ಬೆಳೆದೇ ಇಲ್ಲ ಅಂದರೆ ತಮಾಷೆಯಾ? ಆದರೆ ಅಮ್ಮನ ಕೈ ಹಿಡಿದು ನಿಂತಿದ್ದ ಮಾನ್ವಿತಾಳ ಯೂನಿಫಾರ್ಮ್ ಕಣ್ಣಿಗೆ ಬಿತ್ತು. ಜೂನ್‌ನಲ್ಲಿ ಮೊಣಕಾಲು ಮುಚ್ಚುತ್ತಿದ್ದ ಸ್ಕರ್ಟು ಈಗ ಅದರಿಂದ ಮೇಲೆ ಹತ್ತಿ ಕೂತಿತ್ತು. ಬೆಳೆಯದ ಮಗುವಿಗೆ ಬಟ್ಟೆ ಗಿಡ್ಡವಾಗುವುದು ಹೇಗೆ?

‘ಒಗ್ದು ಒಗ್ದು ಮುದುರ್ಕಂಡದೆ ಬುಡಿ’ ಅಂದಳು ಸುಮಾ.

‘ಇರಬಹುದು. ನಡಿ, ನಿಮ್ಮ ಮನೇಲಿ ಒಂದು ಲೋಟ ಕಾಫಿ ಕುಡೀತೀನಿ’ ಅಂದೆ.

ಮನೆ ಹತ್ತಿರವೇ. ಒಳಗೆ ಕಾಲಿಟ್ಟರೆ ಜಾರುವ ಹಾಗೆ ಹೊಸ ಟೈಲ್ಸು. ಸುಮಾಳ ಗಂಡ ನಾಗರಾಜು ತೋಟದಿಂದ ಆಗಷ್ಟೇ ಬಂದು ಕೈಕಾಲು ತೊಳೆಯುತ್ತಿದ್ದ. ಅತ್ತೆ ಮಂಚದ ಮೇಲಿದ್ದರು. ಹಾಲ್‌ನ ಗೋಡೆಯ ಮೇಲೆ ಉದ್ದ ಕತ್ತಿನ ಜಿರಾಫೆ ಚಾರ್ಟು. ಜಿರಾಫೆಯ ಕತ್ತಿನಲ್ಲಿ ಕೆಂಪು ಸ್ಕೆಚ್ ಪೆನ್ನಿನ ಗೀಟು.

ಮಗುವನ್ನು ನಿಲ್ಲಿಸಿದರು. ಸುಮಾ ಬಗ್ಗಿ ಮಗಳ ಹಿಮ್ಮಡಿಗಳನ್ನು ಕೈಯಿಂದ ನೆಲಕ್ಕೆ ಒತ್ತಿ ಹಿಡಿದಳು. ನೆತ್ತಿ ಸರಿಯಾಗಿ ಗೀಟಿಗೆ ಬಂತು. ಅಜ್ಜಿ ‘ಹೂಂ, ನೋಡ್ಕಳಿ’ ಅಂದರು. ಮಾನ್ವಿತಾ ಕಣ್ಣು ಮುಚ್ಚಿಕೊಂಡಿದ್ದಳು, ಇಂಜೆಕ್ಷನ್ ತಗೊಳ್ಳುವವಳ ಹಾಗೆ.

ಸುಮಾ ಹೇಳಿದ್ದು ನಿಜವೇ ಅಂತ ನನಗೂ ಒಂದು ಕ್ಷಣ ಅನ್ನಿಸಿತು. ಗೀಟಿನಿಂದ ಕಣ್ಣು ಇಳಿಸುತ್ತಾ ಇಳಿಸುತ್ತಾ ಕೆಳಗೆ ಬಂದೆ. ಬಂದವಳು ಅಲ್ಲೇ ನಿಂತೆ.

‘ಮಾನ್ವಿ, ಜಿರಾಫೆಯ ಕಾಲು ಎಲ್ಲಿದೆ ನೋಡು.’

ಹುಡುಗಿ ಮಂಡಿಯೂರಿ ನೋಡಿದಳು. ಗೋಡೆಯ ಬುಡದ ಉದ್ದಕ್ಕೂ ಹೊಸ ಟೈಲ್ಸಿನ ಪಟ್ಟಿ. ಜಿರಾಫೆ ಆ ಪಟ್ಟಿಯ ಮೇಲೆ ನಿಂತಿತ್ತು.

‘ನೆಲದ್ ಮೇಲಿಲ್ಲ ಮಿಸ್’ ಅಂದಳು. ಮರುಗಳಿಗೆ ಕಿರುಚಿದಳು: ‘ಬುಡ ಸಮ ಇಲ್ಲ!’

ಎಲ್ಲರೂ ನಾಗರಾಜುವಿನ ಮುಖ ನೋಡಿದರು.

‘ಟೈಲ್ಸ್ ಹಾಕ್ಸುವಾಗ ಹುಷಾರಾಗಿ ಕಿತ್ತಿಟ್ಟಿದ್ದೆ ಕಣೇ’ ಅಂದ, ಟವೆಲು ಕೈಯಲ್ಲೇ ಇತ್ತು. ‘ಮೊದ್ಲು ನೆಲಕ್ಕೇ ತಾಕ್ತಿತ್ತು. ಆಮ್ಯಾಕೆ ಟೈಲ್ಸ್ ಮ್ಯಾಲೆ ಗಮ್ ಹಿಡೀಲಿಲ್ಲ. ಅದ್ಕೇ ಒಂಚೂರು ಮೇಲೆ...’

ಒಂಚೂರು ಅಂದರೆ ನಾಲ್ಕು ಬೆರಳು. ಮಗು ಒಂದು ವರ್ಷದಲ್ಲಿ ಬೆಳೆಯುವುದೂ ಹೆಚ್ಚುಕಡಿಮೆ ಅಷ್ಟೇ. ಚಾರ್ಟಿನ ಜೊತೆ ಗೀಟೂ ಮೇಲೆ ಹೋಗಿತ್ತು. ಮಗು ಪಾಪ ತನ್ನ ಪಾಡಿಗೆ ತಾನು ಬೆಳೆದಿತ್ತು!

ನಾಗರಾಜು ಚಾರ್ಟನ್ನು ಕಿತ್ತು ನೆಲಕ್ಕೆ ತಾಕಿಸಿ ಹಿಡಿದ. ಮತ್ತೆ ನಿಲ್ಲಿಸಿದೆವು. ಕೆಂಪು ಗೀಟು ಮಾನ್ವಿತಾಳ ಹಣೆಯ ಹತ್ತಿರ ಇಳಿದಿತ್ತು.

ಸುಮಾ ಇದ್ದಲ್ಲೇ ನೆಲಕ್ಕೆ ಕೂತಳು. ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಮಗಳನ್ನು ಎಳೆದು ತೊಡೆಯ ಮೇಲೆ ಹಾಕಿಕೊಂಡು ಪಾದ ಎರಡನ್ನೂ ಅಂಗೈಯಿಂದ ಉಜ್ಜುತ್ತಲೇ ಇದ್ದಳು. ಅಜ್ಜಿ ಮಂಚದಿಂದ ‘ನಾನು ಅವತ್ತೇ ಹೇಳ್ಲಿಲ್ವಾ, ಮಗಾ ಚೆನ್ನಾಗೇ ಬೆಳೀತಾ ಐತೆ ಅಂತ’ ಅಂದರು. (ಯಾವತ್ತು ಅಂತ ಯಾರೂ ಕೇಳಲಿಲ್ಲ.) ಕಾಫಿ ಮಾತ್ರ ಯಾರಿಗೂ ನೆನಪಾಗಲಿಲ್ಲ.

ತುಮಕೂರಿನ ಪ್ರಯಾಣ ಕ್ಯಾನ್ಸಲ್ ಆಯಿತು. ಆದರೂ ಒಮ್ಮೆ ತೋರಿಸಿಬಿಡಿ ಅಂದೆ. ಚಿಕ್ಕನಾಯಕನಹಳ್ಳಿಯಲ್ಲೇ ಒಬ್ಬ ಮಕ್ಕಳ ಡಾಕ್ಟರಿಗೆ ತೋರಿಸಿದರು. ಅವರು ಎತ್ತರ ಅಳೆದು, ವಯಸ್ಸಿಗೆ ಸರಿಯಾಗೇ ಇದ್ದಾಳೆ ಅಂದರಂತೆ. ಪೌಡರು ನಿಲ್ಲಿಸಿ, ಆಟಕ್ಕೆ ಬಿಡಿ ಅಂದರಂತೆ. ಅಬ್ಬಾ! ಆವತ್ತು ರಾತ್ರಿ ಆ ಮಗು ಮುದುರಿಕೊಂಡು ಮಲಗಿರುತ್ತೆ ಅಂತ ನೆನೆಸಿಕೊಂಡೇ ನನಗೆ ನಿದ್ದೆ ಬಂತು.

ಒಂದು ಮಾತು ಮಾತ್ರ ಇನ್ನೂ ಕೊರೆಯುತ್ತದೆ. ಸೆಂಟಿಮೀಟರು ಅಂದರೇನು ಅಂತ ಗೊತ್ತಿಲ್ಲದ ಮಗು ಅದು. ‘ನಾನು ಬೆಳೀತಿಲ್ಲ’ ಅಂತ ಅದಕ್ಕೆ ಹೇಳಿಕೊಟ್ಟವರು ಯಾರು? ಚಾರ್ಟಲ್ಲ. ಚಾರ್ಟು ನೋಡಿದ ಮೇಲೆ ನಮ್ಮ ಮುಖಗಳು. ಮನೆಯಲ್ಲಿ ದೊಡ್ಡವರು ಬಿಡುವ ನಿಟ್ಟುಸಿರು ಯಾರ ಬಗ್ಗೆ ಅಂತ ಮಕ್ಕಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ?

ಮೊನ್ನೆ ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಸುಮಾ ಸಿಕ್ಕಳು. ಮುಖ ಅರಳಿತ್ತು. ‘ನೀವು ಅವತ್ತು ಮನೆಗೆ ಬರ್ದೇ ಇದ್ದಿದ್ರೆ ನಮ್ ಗತಿ ಏನಾಗ್ತಿತ್ತು ಮೇಡಂ’ ಅಂತ ಕೈ ಹಿಡಿದುಕೊಂಡಳು. ಬಸ್ಸು ಬಂತು. ಹತ್ತುವವಳು ಫುಟ್‌ಬೋರ್ಡಿನಿಂದ ತಿರುಗಿ, ದನಿ ತಗ್ಗಿಸಿ ಕೇಳಿದಳು:

‘ಎತ್ತರ ಸರಿಹೋಯ್ತು ಬುಡಿ. ತೂಕ ಒಂಚೂರು ಕಮ್ಮಿ ಅನ್ಸಲ್ವಾ?’

ಬಸ್ಸು ಹೊರಟುಹೋಯಿತು. ಅವರ ಮನೆಯ ಜಗಲಿಯಲ್ಲಿ ಕೊಬ್ಬರಿ ಮೂಟೆ ತೂಗುವ ಕಾಟಾ ಇದೆ. ನಾಳೆ ಬೆಳಿಗ್ಗೆ ಮಗುವನ್ನು ಅದರ ಮೇಲೆ ಕೂರಿಸುವುದಿಲ್ಲ ಅಂತ ಏನು ಗ್ಯಾರಂಟಿ?