ಅಳದ ಕೂಸು

ಇಳಕಲ್ಲಿನ ನಮ್ಮ ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ಎರೆಯುತ್ತಿದ್ದವಳು ಶಿವಲಿಂಗವ್ವ. ನನಗೂ ಅವಳೇ ಎರೆದದ್ದು. ನನ್ನ ಮೂಗು ನೆಟ್ಟಗಿರುವುದು ತಾನು ತಿದ್ದಿದ್ದಕ್ಕೆ ಎಂದು ನನ್ನ ಮದುವೆಯಲ್ಲಿ ಬೀಗರ ಮುಂದೆಯೇ ಸಾರಿದ ಪುಣ್ಯಾತ್ಗಿತ್ತಿ! ಬಿಸಿನೀರು ಎರೆದು, ಲೋಬಾನದ ಹೊಗೆ ಕೊಟ್ಟು, ಬಿಗಿಯಾಗಿ ಸುತ್ತಿ ಮಲಗಿಸಿದರೆ ಕೂಸು ಮಿಸುಕುತ್ತಿರಲಿಲ್ಲ. ಅದೇ ಅವಳ ಹೆಮ್ಮೆ.

“ಕೂಸಂದ್ರ ನನ್ನ ಚೊಚ್ಚಲ ಮಗನಂಗ ಇರಬೇಕು. ಹುಟ್ಟಿದ ವಾರದಾಗ ಹ್ವಾದ ಖರೆ, ಒಮ್ಮಿನೂ ಅತ್ತು ಕಾಡಲಿಲ್ಲ. ದೇವರಂಥಾ ಕೂಸು,” ಎನ್ನುತ್ತಿದ್ದಳು.

ಎಂಬತ್ತಮೂರರ ಚಳಿಗಾಲದಲ್ಲಿ ಅವಳ ಮಗಳು ದುರ್ಗವ್ವ ತವರಿನಲ್ಲಿ ಹೆಣ್ಣು ಹೆತ್ತಳು. ಆ ಕೂಸು ಮಗ್ಗದ ಸದ್ದನ್ನೂ ಮುಚ್ಚುವಂತೆ ಅಳುತ್ತಿತ್ತು. ಒಂದು ಮುಂಜಾನೆ ಎರೆದ ಮೇಲೆ ಸುಮ್ಮನಾಯಿತು. ಮಧ್ಯಾಹ್ನ ಮೊಲೆಗೂ ಏಳಲಿಲ್ಲ.

“ನೋಡ್ರಿ ನನ್ನ ಕೈಗುಣ!” ಎಂದು ಅಜ್ಜಿ ಬೀಗಿದಳು.

ದುರ್ಗವ್ವ ಬಟ್ಟೆ ಬಿಚ್ಚಿ ನೋಡಿದಳು. ಉಸಿರಿಗೊಮ್ಮೆ ಪಕ್ಕೆ ಒಳಗೆ ಸೆಳೆಯುತ್ತಿತ್ತು. ಪಾದ ತಣ್ಣಗಿತ್ತು. “ಯವ್ವಾ, ಇದು ನಿದ್ದಿ ಅಲ್ಲ,” ಎಂದವಳೇ ಹಸಿಬಾಣಂತಿ ಬಾಗಲಕೋಟೆಯ ಬಸ್ಸು ಹತ್ತಿದಳು. ಜೊತೆಗೆ ಶಿವಲಿಂಗವ್ವ ಮತ್ತು ನಾನು.

ದವಾಖಾನೆಯ ಡಾಕ್ಟರು ಎದೆ ಪರೀಕ್ಷಿಸಿ, “ನ್ಯುಮೋನಿಯಾ. ಪುಪ್ಪುಸದಾಗ ನಂಜಾಗೇತಿ,” ಎಂದರು.

“ಹ್ಯಾಂಗ ಆದೀತ್ರಿ? ಮೈ ಸುಡಲಿಲ್ಲ, ಕೆಮ್ಮಲಿಲ್ಲ, ಅಳಲಿಲ್ಲ!” ಎಂದಳು ಶಿವಲಿಂಗವ್ವ.

“ಹಸಗೂಸು ಹಂಗ ಅವ್ವಾ. ಬ್ಯಾನಿ ಜೋರಾದ್ರ ಅಳಾಕೂ ಶಕ್ತಿ ಇರೂದಿಲ್ಲ. ಬೆಚ್ಚಗ ಇಡ್ರಿ. ಹೊಗಿ ಮಾತ್ರ ಬ್ಯಾಡ.”

ಬೆಚ್ಚಗಿಡಬೇಕಂತೆ, ಆದರೆ ಕೆಂಡದ ಶೇಗಡಿ ಬೇಡ. ಸ್ವಚ್ಛವಾಗಿಡಬೇಕಂತೆ, ಆದರೆ ಎರೆಯಬಾರದು. ಶಿವಲಿಂಗವ್ವನಿಗೆ ತಲೆಬುಡ ತಿಳಿಯಲಿಲ್ಲ. “ಏನ್ ಹೇಳಾಕತ್ತಾರ ಇವರು?” ಎಂದು ನನ್ನನ್ನು ಕೇಳಿದಳು. ನನಗೇನು ಗೊತ್ತಿತ್ತು, ಮಣ್ಣು! ಸೂಜಿ ಚುಚ್ಚಿದರು, ಆಕ್ಸಿಜನ್ ಹಚ್ಚಿದರು, ನಳಿಕೆಯಿಂದ ಹಾಲು ಬಿಟ್ಟರು. ಅಷ್ಟಾದರೂ ಕೂಸು ಸದ್ದಿಲ್ಲದೆ ಬಿದ್ದಿತ್ತು. ಕೂಸುಗಳನ್ನು ಸುಮ್ಮನಿರಿಸಿಯೇ ಹೆಸರು ಮಾಡಿದ್ದವಳು, ಇದು ಒಮ್ಮೆ ಅಳಲಿ ಎಂದು ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಳು.

ಕೆಲವು ದಿನಗಳ ಮೇಲೆ ಕೂಸು ಕಿಟಾರನೆ ಚೀರಿತು. ದುರ್ಗವ್ವ ನಗುತ್ತ ಅಳುತ್ತ ಮೊಲೆಗೆ ಹಚ್ಚಿಕೊಂಡಳು. ಶಿವಲಿಂಗವ್ವ ಮಾತ್ರ ಏನೋ ಮರೆತವಳಂತೆ ಗೋಡೆ ನೋಡುತ್ತ ಕೂತಿದ್ದಳು.

ಊರಿಗೆ ಬಂದ ಮೇಲೆ ಅವಳು ಲೋಬಾನ ಬಿಟ್ಟಳು. ಚೊಚ್ಚಲ ಮಗನ ಹೊಗಳಿಕೆಯೂ ನಿಂತಿತು. ಬದಲಿಗೆ ಹೊಸ ಚಟ ಹತ್ತಿತು. ಎರೆದು ಮಲಗಿಸಿದ ಕೂಸಿನ ಅಂಗಾಲು ಚಿವುಟುವುದು! ಬಾಣಂತಿಯರು ಬೈದರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ನನ್ನ ಮಗ ಹುಟ್ಟಿದಾಗಲೂ ಹಾಗೇ ಮಾಡಿದಳು. ನನಗೆ ಸಿಟ್ಟು ನೆತ್ತಿಗೇರಿತು. “ಮಲಗಿದ ಕೂಸಿನ್ನ ಯಾಕ ಎಬ್ಬಸ್ತಿ, ಯಮ್ಮಾ?”

“ಮಲಗೇತಂತ ಹ್ಯಾಂಗ ಹೇಳ್ತಿ?” ಅವಳ ಕಣ್ಣು ಕೂಸಿನ ಮುಖದ ಮೇಲೇ ಇತ್ತು. “ನನ್ನ ಮಗಾನೂ ಮಲಗ್ಯಾನಂತ ನಾ ಸುಮ್ಮನ ಕುಂತಿದ್ದೆ. ಮಲಗಿದ್ನೋ ಏನೋ, ನನಗ ಇನ್ನೂ ತಿಳಿವಲ್ದು.”

ಮಗ ಚಿಟ್ಟನೆ ಚೀರಿದ. ಅವಳು ಅವನ ಅಂಗಾಲು ಸವರುತ್ತ ಹೇಳಿದಳು: “ಅಳೋ ನನ್ನಪ್ಪಾ, ಇನ್ನೊಂದೀಟು ಅಳು.”