ದೇವಸ್ಥಾನದ ತಕ್ಕಡಿ ಮತ್ತು ನನ್ನ ತೂಕ

ನ್ಯಾಯಕ್ಕೆ ತಕ್ಕಡಿಯನ್ನು ಗುರುತಾಗಿ ಆರಿಸಿದವರು ಬಹಳ ಯೋಚನೆ ಮಾಡಿಯೇ ಆರಿಸಿರಬೇಕು. ಹಂಗಿಲ್ಲದೆ, ದಾಕ್ಷಿಣ್ಯವಿಲ್ಲದೆ, ಬಂದವರ ಮುಖ ನೋಡದೆ ಎರಡೂ ಕಡೆಯನ್ನು ಸಮನಾಗಿ ಕಾಣುವ ವಸ್ತು ಲೋಕದಲ್ಲಿ ಅದೊಂದೇ. ನಡುವಿಗೆ ಯಾರೂ ತುಪ್ಪ ಸವರದಿದ್ದರೆ.

ಈ ಮಾತನ್ನು ನಾನು ಕೊಂಚ ಅಧಿಕಾರದಿಂದಲೇ ಹೇಳಬಲ್ಲೆ. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಅಳತೆಯ ವಿಭಾಗದಲ್ಲಿದ್ದವನು ನಾನು. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಅಳೆದು 'ಸರಿಯಿಲ್ಲ' ಎಂದು ಬರೆದು ವಾಪಸ್ ಕಳಿಸುವುದು ನನ್ನ ಕೆಲಸ. ಕೂದಲೆಳೆಯ ಹತ್ತರಲ್ಲೊಂದು ಪಾಲು ಹೆಚ್ಚು ಬಂದರೂ ಕಳಿಸಿದ್ದೇನೆ. ಹೀಗಾಗಿ ಇಡೀ ಕಾರ್ಖಾನೆಯಲ್ಲಿ ನನ್ನ ಜೊತೆ ಕ್ಯಾಂಟೀನಿಗೆ ಬರುತ್ತಿದ್ದವರು ಒಬ್ಬರೇ, ಫಿಟ್ಟಿಂಗ್ ವಿಭಾಗದ ಗದಗಿನ ಕಡೆಯ ಗೆಳೆಯರು. ಅವರದ್ದೂ ಎಷ್ಟೋ ಸಲ ವಾಪಸ್ ಕಳಿಸಿದ್ದೆ. ಅವರು ದೊಡ್ಡ ಮನಸ್ಸಿನವರು.

ನಿವೃತ್ತನಾದ ನಾಲ್ಕನೆಯ ವರ್ಷ ನನ್ನ ಎದೆಯೊಳಗಿನ ಕೊಳವೆಗಳು ಕಟ್ಟಿಕೊಂಡವು. ಎದೆ ತೆರೆದು ಸರಿ ಮಾಡಬೇಕೆಂದರು. ನನ್ನನ್ನು ಒಳಗೆ ತಳ್ಳಿಕೊಂಡು ಹೋದ ಮೇಲೆ ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ ನನ್ನ ಹೆಂಡತಿ, ಇವರು ಎದ್ದು ಮನೆಗೆ ಬಂದರೆ ಇವರ ತೂಕದಷ್ಟು ಬೆಲ್ಲ ನಿನಗೆ ಕೊಡುತ್ತೇನೆ ಎಂದು ನಮ್ಮ ಮತ್ತಿಕೆರೆಯ ದೇವಸ್ಥಾನದ ದೇವರಿಗೆ ಹೇಳಿಕೊಂಡಳು. ದೇವರು ತನ್ನ ಪಾಲಿನದನ್ನು ಮಾಡಿದ. ನಾನು ಎದ್ದು ಮನೆಗೆ ಬಂದೆ.

ಕಷ್ಟ ಆಮೇಲೆ ಶುರುವಾಯಿತು. ತುಲಾಭಾರಕ್ಕೆ ಚಕ್ಕಂಬಕ್ಕಳ ಹಾಕಿ ಕೂರಬೇಕು. ಮೂರು ತಿಂಗಳು ಹಾಗೆ ಕೂರುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮೂರು ತಿಂಗಳು ನನ್ನ ಹೆಂಡತಿಯ ಪಾಲಿಗೆ ದೇವರ ಸಾಲದ ಅವಧಿ. ಮದುವೆಯಾದಾಗಿನಿಂದ ಊಟವಾದ ಮೇಲೆ ಒಂದು ಗಂಟೆ ಮಲಗುತ್ತಿದ್ದವಳು ಈಗ ನನ್ನ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ನಾನು ಕಣ್ಣು ಮುಚ್ಚಿದರೆ ಸಾಕು, ಮೂಗಿನ ಹತ್ತಿರ ಅವಳ ಕೈ ಬರುತ್ತಿತ್ತು. ನನ್ನನ್ನು ಒಬ್ಬನೇ ಬಸ್ ಸ್ಟಾಪಿಗೂ ಬಿಡಳು. ಯಾಕೆಂದು ಕೇಳಿದರೆ, "ಹರಕೆ ತೀರೋವರ್ಗೂ ನೀವು ಅರ್ಧ ನಮ್ಮೋರು, ಅರ್ಧ ಅವನೋರು" ಎನ್ನುತ್ತಿದ್ದಳು.

ನನಗೆ ಒಬ್ಬನೇ ಹೋಗಲು ಪರವಾನಗಿ ಇದ್ದ ಜಾಗವೆಂದರೆ ಎರಡು ಬೀದಿ ಆಚೆಯ ಅದೇ ದೇವಸ್ಥಾನ. ಅಲ್ಲಿ ಏನಾದರೂ ಆದರೆ ನೋಡಿಕೊಳ್ಳಬೇಕಾದವನು ಅಲ್ಲೇ ಇದ್ದಾನೆಂಬ ಲೆಕ್ಕ. ದಿನಾ ಬೆಳಿಗ್ಗೆ ಹೋಗಿ ಮಂಟಪದ ಜಗುಲಿಯ ಮೇಲೆ ಕೂರುತ್ತಿದ್ದೆ. ಎದುರಿಗೆ ತುಲಾಭಾರದ ತಕ್ಕಡಿ ತೂಗುಬಿದ್ದಿತ್ತು. ಆಳುದ್ದದ ಕಬ್ಬಿಣದ ದಂಡ, ಸರಪಳಿಯಲ್ಲಿ ಎರಡು ದೊಡ್ಡ ಹಿತ್ತಾಳೆ ತಟ್ಟೆ, ದಂಡದ ಮೇಲೆ ದೂರಕ್ಕೂ ಕಾಣುವಂತೆ ದಾನಿಗಳ ಹೆಸರು. ಒಂದು ದಿನ ಹೊತ್ತು ಹೋಗದೆ ಒಂದು ತಟ್ಟೆಯಲ್ಲಿ ಒಂದು ತೆಂಗಿನಕಾಯಿ ಇಟ್ಟೆ. ತಕ್ಕಡಿ ಅಲ್ಲಾಡಲಿಲ್ಲ. ಇನ್ನೊಂದು ಇಟ್ಟೆ. ಏಳನೆಯ ಕಾಯಿಗೆ ಅದು ಕಿರ್ರೆಂದು ನರಳಿ ಒಂದು ಬೆರಳು ಬಾಗಿತು. ಅಂದರೆ ಸುಮಾರು ನಾಲ್ಕು ಕೆ.ಜಿ. ಹೆಚ್ಚು ಕಡಿಮೆಯಾದರೂ ಈ ತಕ್ಕಡಿಗೆ ಚಿಂತೆಯಿಲ್ಲ.

ಬುದ್ಧಿಯಿದ್ದವನು ಸುಮ್ಮನಿರುತ್ತಿದ್ದ. ನಾನು ಮನೆಗೆ ಬಂದು ತಿಂಡಿ ತಿನ್ನುತ್ತಾ, ಹಳೆಯ ಚಾಳಿಯಂತೆ, ತಕ್ಕಡಿ ಸರಿಯಿಲ್ಲ ಎಂದು ವರದಿ ಒಪ್ಪಿಸಿದೆ.

ಅವಳು ಸೌಟನ್ನು ಕೆಳಗಿಟ್ಟಳು. ನಾಲ್ಕು ಕೆ.ಜಿ. ಕಡಿಮೆ ಬಿದ್ದರೆ ನನ್ನ ಮೈಯ ಯಾವ ನಾಲ್ಕು ಕೆ.ಜಿ. ಇನ್ನೂ ಅವನ ಹತ್ತಿರ ಉಳಿಯುತ್ತದೆಂದು ಅವಳು ಬಾಯಿ ಬಿಟ್ಟು ಕೇಳಲಿಲ್ಲ. ನನ್ನ ಎದೆಯ ಕಡೆ ನೋಡಿದಳು. ಹತ್ತು ಕೆ.ಜಿ. ಹೆಚ್ಚಿಗೆ ಇಟ್ಟುಬಿಡೋಣ, ಮುಗಿಯಿತಲ್ಲ, ಎಂದೆ.

"ಜಾಸ್ತಿ ಕೊಟ್ರೆ ಅದು ದಾನ ಕಣ್ರೀ. ನಾನು ಹೇಳ್ಕೊಂಡಿರೋದು ತೂಕ."

ಅಂಗಡಿಯ ಮೆಷಿನ್ನಿನಲ್ಲಿ ತೂಗಿ ತಂದರೆ? ಅದೂ ಆಗದು. ದೇವರ ಎದುರಿಗೆ, ದೇವರ ತಕ್ಕಡಿಯಲ್ಲಿ, ಸರಿಯಾಗಿ. ಕಾರ್ಖಾನೆಯಲ್ಲಿ ಇಷ್ಟು ಕಟ್ಟುನಿಟ್ಟಿನ ಇನ್‌ಸ್ಪೆಕ್ಟರು ಇನ್ನೊಬ್ಬರಿದ್ದಿದ್ದರೆ ಉತ್ಪಾದನೆಯೇ ನಿಂತುಹೋಗುತ್ತಿತ್ತು. ಹೀಗೆ, ಅವಳ ನಿದ್ದೆಯನ್ನು ನಾನೇ ಕೆಡಿಸಿದ ಮೇಲೆ, ತಕ್ಕಡಿ ರಿಪೇರಿ ನನ್ನ ಹೊಣೆಯಾಯಿತು.

ತಕ್ಕಡಿಯ ಪ್ರಾಣ ಇರುವುದು ದಂಡದಲ್ಲೂ ಅಲ್ಲ, ತಟ್ಟೆಯಲ್ಲೂ ಅಲ್ಲ. ದಂಡದ ನಟ್ಟನಡುವೆ ಮೂರು ಮೂಲೆಯ ಒಂದು ಉಕ್ಕಿನ ತುಂಡು ತೂರಿಕೊಂಡಿರುತ್ತದೆ. ಅದರ ಚೂಪು ಅಂಚು ಕೆಳಮುಖ. ಮೇಲಿನಿಂದ ಇಳಿಬಿದ್ದ ಕೊಂಡಿಯೊಳಗೆ ಆ ಅಂಚು ಕೂರಲು ಒಂದು ಗಟ್ಟಿ ಪೀಠ. ದಂಡ, ತಟ್ಟೆ, ಬೆಲ್ಲ, ಭಕ್ತ, ಎಲ್ಲರ ಭಾರವೂ ಆ ಒಂದು ಗೆರೆಯ ಮೇಲೆ. ಅಂಚು ಚೂಪಾಗಿದ್ದು, ಪೀಠ ನುಣುಪಾಗಿದ್ದು, ಎರಡೂ ಒಣಗಿದ್ದರೆ ಉಜ್ಜಾಟವೆಂಬುದು ಇದ್ದೂ ಇಲ್ಲದಂತೆ. ಇಲ್ಲಿ ಎಣ್ಣೆ ಹಾಕಬಾರದು. ಎಣ್ಣೆ ಧೂಳನ್ನು ಕರೆಯುತ್ತದೆ, ಧೂಳು ಅಂಟಾಗುತ್ತದೆ, ಅಂಟು ಅಂಚನ್ನು ಹಿಡಿದುಕೊಳ್ಳುತ್ತದೆ. ಬಾಗಿಲು ಕಿರುಗುಟ್ಟಿದರೆ ಎಣ್ಣೆ ಬಿಡುತ್ತಾ ಬೆಳೆದ ಜನಕ್ಕೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ಅರ್ಚಕರಿಗಂತೂ ಇದು ಕೇಳಲಾಗದ ಮಾತು. ವಯಸ್ಸಿನಲ್ಲಿ ನನ್ನ ಅರ್ಧ, ಬಹಳ ಒಳ್ಳೆಯವರು. ಪ್ರತಿ ಶುಕ್ರವಾರ ದೀಪಕ್ಕೆ ಮಿಕ್ಕ ತುಪ್ಪವನ್ನು ಸ್ಟೂಲು ಹತ್ತಿ ತಮ್ಮ ಕೈಯಾರೆ ತಕ್ಕಡಿಯ ನಡುವಿಗೆ ಬಿಡುತ್ತಿದ್ದರು. ಮೇಲೆ ಗಂಧ, ಕುಂಕುಮ. ಮಾರ್ಗಶಿರದ ಚಳಿಯಲ್ಲಿ ತುಪ್ಪ ಗಟ್ಟಿಯಾಗಿ, ವರ್ಷಗಳ ಕುಂಕುಮವನ್ನು ತಬ್ಬಿಕೊಂಡು, ಅಂಚಿನ ಸುತ್ತ ಒಂದು ಕೆಂಪು ಗಾರೆಯಾಗಿತ್ತು. ದಂಡವನ್ನು ಕೆಳಗಿಳಿಸಿ ಶುದ್ಧ ಮಾಡೋಣವೆಂದೆ. ಪ್ರತಿಷ್ಠೆ ಮಾಡಿ ತೂಗುಹಾಕಿದ್ದು, ಇಳಿಸಿದರೆ ಮತ್ತೆ ಹೋಮವಾಗಬೇಕು, ಹೋಮಕ್ಕೆ ಸಮಿತಿ ಸೇರಬೇಕು, ಸಮಿತಿ ಸೇರುವುದು ಯುಗಾದಿಗೆ ಎಂದರು. ನಮ್ಮ ಹರಕೆಗೆ ಉಳಿದಿದ್ದು ಹನ್ನೊಂದು ದಿನ.

ಗದಗಿನ ಗೆಳೆಯರಿಗೆ ಫೋನು ಮಾಡಿದೆ. ಅವರು ಬಂದು ತಕ್ಕಡಿಯ ಕೆಳಗೆ ನಿಂತು ಕತ್ತೆತ್ತಿ ನೋಡಿ, ಸೀದಾ ಹೊರಗೆ ಹೋಗಿ ತಮ್ಮ ಕಾರಿನ ಜಾಕು ತಂದರು. ಮೇಜಿನ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಅದರ ಮೇಲೆ ಜಾಕು ಇಟ್ಟು ದಂಡವನ್ನು ಎರಡು ಬೆರಳು ಮೇಲೆತ್ತಿದರೆ ಅಂಚು ಪೀಠ ಬಿಟ್ಟು ಏಳುತ್ತದೆ, ಸಂದಿಯಲ್ಲಿ ಕೈಯಾಡಿಸಬಹುದು. ಅರ್ಚಕರು ಜಾಕನ್ನು ಒಂದು ಸುತ್ತು ಬಂದು ನೋಡಿದರು. ಕೊನೆಗೆ ತೀರ್ಪು ಬಂತು: "ಇಳಿಸಬಾರ್ದು ಅಂತ ಇದೆ ಸಾರ್. ಎತ್ತಬಾರ್ದು ಅಂತ ಎಲ್ಲೂ ಇಲ್ಲ."

ಎದೆಯ ಮೂಳೆ ಕೂಡುವವರೆಗೆ ನಾನು ಕೈಯನ್ನು ಭುಜದಿಂದ ಮೇಲೆತ್ತುವಂತಿರಲಿಲ್ಲ. ಹಾಗಾಗಿ ಕೆಳಗೆ ಕುರ್ಚಿಯಲ್ಲಿ ಕೂತು, ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಎಂದು ಹೇಳುತ್ತಿದ್ದೆ. ಗೆಳೆಯರು ಮೇಜಿನ ಮೇಲೆ ನಿಂತು ಬಿದಿರು ಕಡ್ಡಿಯಲ್ಲಿ ಗಾರೆ ಕೆರೆದರು. ತುಪ್ಪ ಬಂತು, ಕುಂಕುಮ ಬಂತು, ಸತ್ತ ಇರುವೆಗಳ ಒಂದು ಇಡೀ ವಂಶ ಬಂತು. ಪೇಂಟಿಗೆ ಬೆರೆಸುವ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವಾಗ ಅದರಲ್ಲಿ ಪ್ರಾಣಿಯ ಕೊಬ್ಬು ಗಿಬ್ಬು ಇಲ್ಲ ತಾನೆ ಎಂದು ಅರ್ಚಕರು ಕೇಳಿ ಖಾತ್ರಿ ಮಾಡಿಕೊಂಡರು. ಮಸುಕಾದ ಅಂಚಿಗೆ ಮೊದಲು ನಯವಾದ ಸಾಣೆಕಲ್ಲು, ಆಮೇಲೆ ಎಮರಿ ಕಾಗದದ ಪಟ್ಟಿ. ತಗ್ಗು ಬಿದ್ದ ಪೀಠಕ್ಕೂ ಅದೇ ಸೇವೆ. ಎಡತುದಿಯಲ್ಲಿ ಇನ್ನೂ ಒಂದು ಗೀರು ಉಳಿದಿದೆ ಎಂದೆ.

"ನೀವು ಮೊದಲಿಂದನೂ ಹಿಂಗ ನೋಡ್ರಿ" ಎಂದರು ಗೆಳೆಯರು ಮೇಲಿನಿಂದ. "ನಾವು ನಿಂತು ಮಾಡೂದು, ನೀವು ಕುಂತು ತಪ್ಪ ತಗಿಯೂದು. ಎದಿ ಕೊಯ್ದ್ರೂ ಬುದ್ಧಿ ಬದಲಾಗಿಲ್ಲ."

ಆ ಗೀರೂ ಹೋಯಿತು. ಜಾಕು ಇಳಿಸಿದಾಗ ದಂಡ ಪೀಠದ ಮೇಲೆ ಕೂತ ರೀತಿ ನೋಡಿ ನನಗೆ ಕಾರ್ಖಾನೆಯ ದಿನಗಳು ನೆನಪಾದವು. ಸದ್ದಿಲ್ಲ. ಬೆರಳು ತಾಗಿಸಿದರೆ ಸಾಕು, ಉಸಿರಾಡುವಂತೆ ಮೇಲೆ ಕೆಳಗೆ, ಮೇಲೆ ಕೆಳಗೆ. ನನ್ನ ಹೆಂಡತಿಯನ್ನು ಕರೆಸಿದೆವು. ಅವಳು ತನ್ನ ಮುಡಿಯಿಂದ ಒಂದು ಸೇವಂತಿಗೆ ತೆಗೆದು ತಟ್ಟೆಯಲ್ಲಿಟ್ಟಳು. ತಟ್ಟೆ ಬಾಗಿತು. ತೆಗೆದಳು; ಸಮವಾಯಿತು. ಇನ್ನೊಮ್ಮೆ ಇಟ್ಟಳು. ಮನೆಗೆ ಬಂದು ಒಂದು ಚಪಾತಿ ಹೆಚ್ಚಿಗೆ ತಿಂದಳು.

ನಾನು ಅರ್ಚಕರಿಗೆ ಕೈ ಮುಗಿದು ಹೇಳಿದೆ: ಇನ್ನು ಹತ್ತು ದಿನ ದಯವಿಟ್ಟು ತುಪ್ಪ ಬೇಡ, ಗಂಧ ಬೇಡ, ಕುಂಕುಮ ಬೇಡ. ಅವರು ದೇವರ ಕಡೆ ತಿರುಗಿ ಮಾತು ಕೊಟ್ಟರು.

ಹರಕೆಯ ಬೆಳಿಗ್ಗೆ ಯಶವಂತಪುರದ ಮಂಡಿಯಿಂದ ತಂದ ಒಂದೊಂದು ಕೆ.ಜಿ.ಯ ಬೆಲ್ಲದ ಉಂಡೆ ಎಪ್ಪತ್ತು, ಮಂಟಪದಲ್ಲಿ ಸಾಲಾಗಿ ಕೂತಿದ್ದವು. ನಾನು ತಗ್ಗಿಗೆ ಇಳಿದು ಕೂರಲಾರೆನೆಂದು ಒಂದು ತಟ್ಟೆಯ ಕೆಳಗೆ, ದಂಡ ಮಟ್ಟವಾಗಿ ನಿಲ್ಲುವಷ್ಟೇ ಎತ್ತರದ ಸ್ಟೂಲು ಇಟ್ಟಿದ್ದರು. ಬೆಲ್ಲ ಸಾಕಾಯಿತು ಎನಿಸಿದಾಗ ಸ್ಟೂಲು ಎಳೆಯುವುದು; ನಾನು ಕೆಳಗಿಳಿದರೆ ಇನ್ನೂ ಬೆಲ್ಲ, ಮೇಲೆದ್ದರೆ ವಾಪಸ್. ಪಂಚೆ ಶಲ್ಯದಲ್ಲಿ ನಾನು ಹತ್ತಿ ಕೂತೆ. ಕೂತು, ಸರಪಳಿ ಹಿಡಿದು, ಮೇಲೆ ನೋಡಿದೆ.

ತಕ್ಕಡಿಯ ನಡುವಿಗೆ ಕಂಕಣ ಕಟ್ಟಿತ್ತು. ಅರಿಶಿನದಲ್ಲಿ ಅದ್ದಿದ ದಪ್ಪ ದಾರ, ದಂಡವನ್ನೂ ಕೊಂಡಿಯನ್ನೂ ಸೇರಿಸಿ ಒಂಬತ್ತು ಸುತ್ತು, ಸಂದಿಗೆ ಸರಿಯಾಗಿ ಸಿಕ್ಕಿಸಿದ ಒಂದು ಒಳ್ಳೆಯ ಅರಿಶಿನದ ಕೊಂಬು. ಕಾರ್ಖಾನೆಯಲ್ಲಿ ಇಷ್ಟು ಭದ್ರವಾಗಿ ಬಿಗಿಯಬೇಕಿದ್ದರೆ ನಾವು ನಟ್ಟು ಬೋಲ್ಟು ಕೇಳುತ್ತಿದ್ದೆವು.

ನನ್ನ ನೋಟ ಹೋದ ಕಡೆ ಅರ್ಚಕರೂ ನೋಡಿ ನಕ್ಕರು. "ತುಪ್ಪ ಮುಟ್ಸಿಲ್ಲ ಸಾರ್, ನೀವು ಹೇಳ್ದಂಗೆ. ಕುಂಕುಮಾನೂ ಇಲ್ಲ. ಬೋಳಾಗಿ ಕಾಣ್ತಿತ್ತು ಅಂತ ಕಂಕಣ ಒಂದು ಕಟ್ಟಿದೀನಿ."

ಅವರು ಮಾತು ತಪ್ಪಿರಲಿಲ್ಲ. ಸಂಕಲ್ಪವಾಗಿ ಹೋಗಿತ್ತು; ಮಂಗಳಾರತಿಗೆ ಮೊದಲು ಕಂಕಣ ಬಿಚ್ಚಿದರೆ ಹರಕೆಯೇ ಬಿಚ್ಚಿದಂತೆ ಎಂಬುದು ನನಗೂ ಗೊತ್ತು, ಎದುರಿಗೆ ನಿಂತ ನನ್ನ ಹೆಂಡತಿಗೆ ನನಗಿಂತ ಚೆನ್ನಾಗಿ ಗೊತ್ತು. ಗೆಳೆಯರ ಕಡೆ ನೋಡಿದೆ. ಅವರೂ ಮೇಲೆ ನೋಡಿ, ಆಮೇಲೆ ತಮ್ಮ ಕಾಲ ಬೆರಳುಗಳನ್ನು ನೋಡತೊಡಗಿದರು.

ಹೆಂಡತಿ ಒಂದೊಂದೇ ಉಂಡೆಯನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡು ಇಡುತ್ತಾ ಬಂದಳು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐವತ್ತೆಂಟಕ್ಕೆ ಅರ್ಚಕರು, ಇನ್ನೇನು ರಾಹುಕಾಲ ಬಂತು, ನೋಡೇಬಿಡೋಣ ಎಂದು ಸ್ಟೂಲು ಎಳೆದರು. ನಾನು ಸರಪಳಿ ಬಿಗಿಹಿಡಿದೆ. ತಕ್ಕಡಿ ಇದ್ದಲ್ಲೇ ಇತ್ತು. ದಂಡ ಗೆರೆ ಎಳೆದಂತೆ ಮಟ್ಟ. ನೆರೆದವರು ಕೈ ಮುಗಿದರು. ಒಂದೇ ಸಲಕ್ಕೆ ಸಮ ಬಂತಲ್ಲ ಎಂದು ಯಾರೋ ಹೆಂಗಸು ಗಲ್ಲಕ್ಕೆ ಬಡಿದುಕೊಂಡರು.

ನನ್ನ ಹೆಂಡತಿ ಮಾತ್ರ ಐವತ್ತೊಂಬತ್ತನೆಯ ಉಂಡೆಯನ್ನು ಇಟ್ಟು ನೋಡಿದಳು. ಅಲ್ಲಾಡಲಿಲ್ಲ. ತೆಗೆದು ನೋಡಿದಳು. ಅಲ್ಲಾಡಲಿಲ್ಲ. ಸೇವಂತಿಗೆಗೆ ಬಾಗಿದ್ದ ತಕ್ಕಡಿ ಅದು. ಅವಳು ಆ ಉಂಡೆಯನ್ನು ಎದೆಗವಚಿಕೊಂಡು ನನ್ನ ತಟ್ಟೆಯ ಹತ್ತಿರ ಬಂದಳು. ಮೂರು ತಿಂಗಳಲ್ಲಿ ಕಣ್ಣಿನ ಕೆಳಗೆ ಎಷ್ಟು ಕಪ್ಪಾಗಿದೆ ಎಂದು ಅಷ್ಟು ಹತ್ತಿರದಿಂದ ನೋಡಿದ್ದು ಆಗಲೇ.

"ನೀವು ಹೇಳ್ರೀ. ನಿಮಗ್ ಗೊತ್ತಾಗುತ್ತೆ. ಸಮ ಆಗಿದ್ಯಾ?"

ಹೆಚ್ಚೋ ಕಡಿಮೆಯೋ ನನಗೆ ಗೊತ್ತಾಗುವ ಉಪಾಯವಿರಲಿಲ್ಲ. ಇನ್ನು ಎಷ್ಟು ಇಡು ಎಂದು ಹೇಳಲೂ ಬಾರದು, ತೆಗೆ ಎಂದು ಹೇಳಲೂ ಬಾರದು. ಗೊತ್ತಿದ್ದದ್ದು ಒಂದೇ: ಅದು ಸಮವಾಗಿ ನಿಂತಿರಲಿಲ್ಲ, ಸಿಕ್ಕಿಕೊಂಡು ನಿಂತಿತ್ತು. ಕಾಲು ಮಡಚಿ, ನೆಲ ತಾಗದೆ, ಮೂವತ್ತೊಂದು ವರ್ಷದ ಇನ್‌ಸ್ಪೆಕ್ಟರು ನಾನು ಅಲ್ಲಿ ತೂಗುತ್ತಿದ್ದೆ.

"ಆಗಿದೆ ಕಣೇ. ಸರಿಯಾಗಿದೆ. ಅದನ್ನ ಇಡ್ಬೇಡ" ಎಂದೆ.

ಅವಳು ಉಂಡೆಯನ್ನು ಕೆಳಗಿಟ್ಟಳು. ಮಂಗಳಾರತಿಯಾಯಿತು.

ಅವತ್ತು ಊಟವಾದ ಮೇಲೆ ಅವಳು ಚಾಪೆ ಹಾಸಿಕೊಂಡು ಮಲಗಿದವಳು ಎದ್ದಿದ್ದು ಐದೂವರೆಗೆ. ನಾನು ಎದುರಿನ ಕುರ್ಚಿಯಲ್ಲಿ ಕೂತಿದ್ದೆ.

ಮಾರನೆಯ ದಿನ ಚೆಕಪ್ಪಿಗೆ ಹೆಬ್ಬಾಳದ ಆಸ್ಪತ್ರೆಗೆ ಒಬ್ಬನೇ ಬಸ್ಸಿನಲ್ಲಿ ಹೋದೆ. ಅವಳು ಬೇಡ ಎನ್ನಲಿಲ್ಲ. ಅಲ್ಲಿನ ಮೆಷಿನ್ನಿನಲ್ಲಿ ನನ್ನ ತೂಕ ಅರವತ್ತೆರಡು ಕೆ.ಜಿ. ಬಂತು. ದೇವರಿಗೆ ಸಂದ ಬೆಲ್ಲ ಐವತ್ತೆಂಟು.