ಅಕ್ಕನ ಕಿವಿಗೆ ಹೊಂದುವ ಹೆಡ್‌ಫೋನ್

ನಮ್ಮಕ್ಕ ಕಮಲಾತಾಳ್ ಬಾಯಿಗಿಂತ ಕಿವಿಯಲ್ಲೇ ಹೆಚ್ಚು ಬದುಕಿದವಳು. ಸೋಮನೂರಿನಲ್ಲಿ ಭಾವ ದೊರೈಸಾಮಿ ಪವರ್‌ಲೂಮ್ ಓಡಿಸುತ್ತಿದ್ದ ಕಾಲದಲ್ಲಿ ಅವಳು ಅದೇ ಶೆಡ್ಡಿನ ಮೂಲೆಯಲ್ಲಿ ಕೂತು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗಗಳ ಸದ್ದಿಗೆ ಅಲ್ಲಿ ಮಾತೇ ಇಲ್ಲ, ಎಲ್ಲ ಕೈಸನ್ನೆ. ಅಕ್ಕ ಮಾತ್ರ ಗೋಡೆಯ ಮೊಳೆಗೆ ಒಂದು ಬ್ಯಾಟರಿ ರೇಡಿಯೋ ನೇತುಹಾಕಿ, ಕಿವಿಯನ್ನು ಅದಕ್ಕೆ ಆನಿಸಿಕೊಂಡು ಕೂರುತ್ತಿದ್ದಳು. ಕರೆಂಟು ಹೋದಾಗ ಮಗ್ಗಗಳೆಲ್ಲ ಒಮ್ಮೆಗೇ ನಿಂತು, ಅಷ್ಟು ಹೊತ್ತು ಅವಳೊಬ್ಬಳೇ ಕೇಳುತ್ತಿದ್ದ ಹಾಡು ಇಡೀ ಶೆಡ್ಡಿಗೆ ಕೇಳಿಸುತ್ತಿತ್ತು. ಆಗ ಭಾವ ಕೂಗುವರು: "ಏನಮ್ಮಾ, ಇಷ್ಟು ಹೊತ್ತು ನೀನೊಬ್ಬಳೇ ತಿಂತಿದ್ಯಾ?"

ಮಗ್ಗಗಳು ಗುಜರಿಗೆ ತೂಕದ ಲೆಕ್ಕದಲ್ಲಿ ಹೋದವು. ಈಗ ಅಕ್ಕ ಮನೆಯಲ್ಲೇ ಕೂತು ತಿರುಪ್ಪೂರಿನ ಬನಿಯನ್ ಕಂಪನಿಯ ಬಟ್ಟೆಗಳಿಗೆ ಪಿಸಿರು ಕತ್ತರಿಸುತ್ತಾಳೆ. ಹೊಲಿಗೆಯಿಂದ ಇಣುಕುವ ದಾರದ ತುಂಡುಗಳಿಗೆ ಇಲ್ಲಿ ಪಿಸಿರು ಎನ್ನುತ್ತಾರೆ. ಆ ಬಟ್ಟೆಯ ಮೂಟೆಗಳನ್ನು ತಂದು ಕೊಟ್ಟು, ಮುಗಿದದ್ದನ್ನು ಒಯ್ಯುವ ಚಿಕ್ಕ ಗಾಡಿಯ ಡ್ರೈವರ್ ನಾನೇ. ಕೆಲಸ ಮಾಡುತ್ತಾ ಅವಳು ಫೋನಿನಲ್ಲಿ ಕನ್ನಡದ ಹರಿಕತೆ ಹಾಕಿಕೊಳ್ಳುತ್ತಿದ್ದಳು. ನಮ್ಮದು ಮನೆಯೊಳಗಿನ ಕನ್ನಡ. ಬಾಗಿಲು ದಾಟಿದರೆ ತಮಿಳು. ಅಕ್ಕನಿಗೆ ಕನ್ನಡ ಓದಲು ಬರುವುದಿಲ್ಲ, ಆದರೆ ಕೇಳುವಾಗ ಅವಳ ಮುಖ ನೋಡಬೇಕು, ತವರಿನಿಂದ ಯಾರೋ ಬಂದು ಕೂತ ಹಾಗೆ.

ಭಾವನಿಗೆ ಪಾರ್ಶ್ವವಾಯು ಬಡಿದ ಮೇಲೆ ಅದೂ ನಿಂತಿತು. ಬಲಗೈ, ಬಲಗಾಲು ಹೋದವು. ಮಾತು ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಒಂದು ವಿಚಿತ್ರ ತಲೆನೋವು. ಯಾವ ಸದ್ದೂ ಅವರಿಗೆ ಆಗದು. ಪಾತ್ರೆ ಕೆಳಗೆ ಬಿದ್ದರೆ ಎಡಗೈಯಿಂದ ತಲೆ ಹಿಡಿದುಕೊಂಡು ಮಗುವಿನಂತೆ ಅಳುತ್ತಾರೆ. ಇರುವುದು ಒಂದೇ ಕೋಣೆ. ಭಾವನ ಮಂಚ, ಅಕ್ಕನ ಮೂಟೆ, ಅಡುಗೆಯ ಒಲೆ ಎಲ್ಲ ಅಲ್ಲೇ. ಮಾತಾಡುವ ಗಂಡ ಮಾತು ಬಿಟ್ಟ, ಮಾತಾಡುವ ಫೋನೂ ಬಾಯಿ ಮುಚ್ಚಿತು.

ಒಂದು ದಿನ ಮೂಟೆ ಇಳಿಸುವಾಗ ಅಕ್ಕ ಮೆಲ್ಲಗೆ ಕೇಳಿದಳು: "ಲೋ ಬೆಳ್ಳಿ, ಕಿವಿಗೆ ಹಾಕ್ಕೊಂಡು ಕೇಳ್ತಾರಲ್ಲ, ಅದೊಂದು ತಂದುಕೊಡ್ತೀಯಾ? ಈ ಮನೆ ಸುಮ್ಮನಿರೋದು ನನಗೆ ಆಗ್ತಿಲ್ಲ ಕಣೋ."

ನಾನು ಹುಟ್ಟಿದಾಗಿನಿಂದ ಅವಳು ನನ್ನ ಹತ್ತಿರ ಕೇಳಿದ್ದು ಅದೊಂದೇ.

ಬಸ್ ಸ್ಟ್ಯಾಂಡಿನಿಂದ ಕಿವಿಯೊಳಗೆ ತೂರಿಸುವ ಇಯರ್‌ಫೋನ್ ತಂದುಕೊಟ್ಟೆ. ಎಳೆತನದಿಂದಲೂ ಅವಳ ಕಿವಿ ಸೋರುತ್ತಿತ್ತು, ನನಗೆ ಮರೆತುಹೋಗಿತ್ತು. ಅದು ಮತ್ತೆ ಸೋರಿತು. ಡಾಕ್ಟರು ಕಿವಿಯೊಳಗೆ ಏನನ್ನೂ ಹಾಕಕೂಡದು ಎಂದು ಅವಳಿಗೆ ಹೇಳಿ, ನನಗೆ ಬೈದು ಕಳಿಸಿದರು. ಆಮೇಲೆ ಸಿಂಗಾನಲ್ಲೂರಿನಿಂದ ಕಿವಿಯನ್ನು ಪೂರ್ತಿ ಮುಚ್ಚುವ ದಪ್ಪದ್ದೊಂದನ್ನು ತಂದೆ. ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಅಂದರೆ, ಭಾವ ಮೂತ್ರಕ್ಕೆಂದು ಲೋಟದಿಂದ ಮಂಚ ತಟ್ಟಿ ತಟ್ಟಿ ಕರೆದರೂ ಅಕ್ಕನಿಗೆ ಕೇಳಿಸಲಿಲ್ಲ. ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಹಾಸಿಗೆ ಒದ್ದೆಯಾಯಿತು. ಭಾವ ಮುಖವನ್ನು ಗೋಡೆಗೆ ತಿರುಗಿಸಿಕೊಂಡು ಇಡೀ ದಿನ ಊಟ ಮುಟ್ಟಲಿಲ್ಲ. ಅಕ್ಕ ಆ ಹೆಡ್‌ಫೋನನ್ನು ಮತ್ತೆ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟಳು. "ಬೇಡಪ್ಪಾ ಬೇಡ. ನನ್ನ ಆಸೆಗೆ ಅವರ ಮಾನ ಹೋಯ್ತು."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಲೋಕದಲ್ಲಿ ಇಷ್ಟು ಸಾಮಾನು ಮಾಡುತ್ತಾರೆ, ಒಬ್ಬ ಹೆಂಗಸು ಗಂಡನ ಕರೆಯನ್ನೂ ಕೇಳುತ್ತಾ ಕತೆಯನ್ನೂ ಕೇಳುವಂಥದ್ದು ಒಂದನ್ನು ಮಾಡುವುದಿಲ್ಲವೇ? ತಿರುಪ್ಪೂರಿನಲ್ಲಿ ತೆನ್ಮೊಳಿ ಎಂಬವಳ ಮೊಬೈಲ್ ಅಂಗಡಿ ಇದೆ. ಗಾಡಿಯನ್ನು ಅಡ್ಡ ನಿಲ್ಲಿಸಿ ನೇರ ಅಲ್ಲಿಗೆ ನುಗ್ಗಿದೆ. ನಮ್ಮ ಮಾತೆಲ್ಲ ತಮಿಳಿನಲ್ಲಿ ನಡೆಯಿತು.

"ಕಿವಿಯೊಳಗೆ ಹೋಗೋದಾ ಅಣ್ಣಾ, ಕಿವಿ ಮುಚ್ಚೋದಾ, ಕಿವಿ ಮೇಲೆ ಕೂರೋದಾ?" ಅಂದಳು.

"ಒಳಗೆ ಹೋಗೋದೂ ಆಯ್ತು, ಮುಚ್ಚೋದೂ ಆಯ್ತು. ಕೂರೋದು ಅಂದರೇನು?"

ಅವಳು ತೋರಿಸಿದಳು. ಸಣ್ಣ ವಡೆಯಷ್ಟು ಅಗಲದ ಸ್ಪಂಜಿನ ಬಿಲ್ಲೆಗಳು, ಕಿವಿಯ ಮೇಲೆ ಒರಗಿಕೊಂಡು ಕೂರುತ್ತವೆ. ಪಕ್ಕದ ಸದ್ದೂ ಒಂದಿಷ್ಟು ಒಳಗೆ ಬರುತ್ತದೆ. ಇದೇ! ಇಷ್ಟು ದಿನ ಇದೆಲ್ಲಿ ಅಡಗಿತ್ತು ಎಂದು ಅವಳ ಮೇಲೆಯೇ ರೇಗಿದೆ.

"ಅಡಗಿರಲಿಲ್ಲ ಅಣ್ಣಾ, ನೀವು ಬಂದಿರಲಿಲ್ಲ. ವೈರ್ ಇರೋದಾ, ಇಲ್ಲದ್ದಾ?"

"ವೈರ್ ಇದ್ದರೆ ಪಿಸಿರಿನ ಜೊತೆ ಅದನ್ನೂ ಕತ್ತರಿಸಿ ಹಾಕ್ತಾಳೆ."

ತೆನ್ಮೊಳಿ ನಕ್ಕಳು. "ಯಾರಿಗೆ? ಅವರನ್ನೇ ಕರಕೊಂಡು ಬನ್ನಿ. ತಲೆಯಿಂದ ತಲೆಗೆ ಹಿಡಿತ ಬೇರೆ."

"ಗಂಡನನ್ನ ಬಿಟ್ಟು ಬರೋ ಹಾಗಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಲೆ, ನನಗೆ ಸರಿಹೋದರೆ ಅವಳಿಗೂ ಸರಿ."

"ತಲೆ ಒಂದೇ ಇರಲಿ. ತಲೆಯ ಬಿಸಿಯಾದರೂ ಬೇರೆ ಇರಲಿ ಮುರುಗಾ!"

ಅವಳು ಹರವಿದ್ದನ್ನೆಲ್ಲ ಒಂದೊಂದಾಗಿ ನನ್ನ ಕಿವಿಗೇ ಹಾಕಿ ನೋಡಿದೆ. ಒಂದು ಸಡಿಲ, ತಲೆ ಬಗ್ಗಿಸಿದರೆ ಜಾರುತ್ತಿತ್ತು, ಪಿಸಿರು ಕತ್ತರಿಸುವವರ ತಲೆ ಬಗ್ಗಿಯೇ ಇರುತ್ತದೆ. ಒಂದರ ಧ್ವನಿ ಡಬ್ಬದೊಳಗಿಂದ ಬಂದಂತೆ. ಒಂದರ ಬೆಲೆ ನಮ್ಮಂಥವರದ್ದಲ್ಲ. ಬೆಲೆಯೂ ಕೈಗೆಟುಕುವ, ಗಟ್ಟಿಯಾಗಿಯೂ ಹಿಡಿಯುವ ಕಪ್ಪು ಬಣ್ಣದ್ದೊಂದನ್ನು ಆರಿಸಿದೆ. ನನ್ನ ಕಿವಿಗೆ ಅದು ಹೂವಿನಂತೆ ಕೂತಿತು.

ಮನೆಗೆ ಒಯ್ದು ಕೊಟ್ಟೆ, ಅಕ್ಕ ಹಾಕಿಕೊಂಡಳು. ಕಣ್ಣು ಮುಚ್ಚಿದಳು. "ಕತೆಯವರು ಪಕ್ಕದಲ್ಲೇ ಕೂತು ಹೇಳ್ತಿದ್ದಾರೆ ಕಣೋ!" ಅಂದಳು. ಪರೀಕ್ಷೆಗೆಂದು ನಾನು ಲೋಟದಿಂದ ಮಂಚ ತಟ್ಟಿದೆ. ತಕ್ಷಣ ತಿರುಗಿ ನೋಡಿದಳು. ಭಾವ ಕೂಡ ಅರ್ಧ ಬಾಯಲ್ಲಿ ನಕ್ಕರು. ಅಂದು ದಾರಿಯುದ್ದಕ್ಕೂ ನಾನು ಯಾರಿಗೂ ಹಾರ್ನ್ ಹೊಡೆಯಲಿಲ್ಲ.

ಮುಂದಿನ ಮೂಟೆ ಒಯ್ದಾಗ ನೋಡುತ್ತೇನೆ, ಅಕ್ಕನ ಎರಡು ಕಿವಿಯೂ ಹಣ್ಣು ಮೆಣಸಿನಕಾಯಿಯಂತೆ ಕೆಂಪಾಗಿವೆ. ಹೆಡ್‌ಫೋನ್ ಮಡಿಲಲ್ಲಿದೆ.

"ಏನಾಯ್ತು?"

"ಏನಿಲ್ಲ. ಬಿಸಿಲಿಗೆ."

ಮನೆಯೊಳಗೆ ಎಲ್ಲಿಯ ಬಿಸಿಲು? ಹತ್ತಿರ ಹೋಗಿ ನೋಡಿದೆ. ಏಳು ಕಲ್ಲಿನ ಓಲೆ. ಆ ಬಿಲ್ಲೆ ಮೇಲಿನಿಂದ ಒತ್ತಿ ಒತ್ತಿ, ಓಲೆಯ ಹಿಂದಿನ ತಿರುಪು ಕಿವಿಯ ಹಿಂಬದಿಗೆ ನಾಟಿ ಗಾಯವಾಗಿತ್ತು. ನಾನು ಅಂಗಡಿಯಲ್ಲಿ ನನ್ನ ಬೋಳು ಕಿವಿಗೆ ಹಾಕಿ ಆರಿಸಿದ್ದೆ.

"ಹಾಗಾದರೆ ಕೇಳುವಷ್ಟು ಹೊತ್ತು..." ಎಂದವನು ನಿಲ್ಲಿಸಿಬಿಟ್ಟೆ.

ಅಕ್ಕ ಕತ್ತರಿ ಕೆಳಗಿಟ್ಟು, ಭಾವನಿಗೆ ಕೇಳಿಸದಂತೆ ಪಿಸುಗುಟ್ಟಿದಳು. "ಹೇಳು. ಓಲೆ ತೆಗೆದಿಡು ಅಂತೀಯಾ? ಅವರು ಎದುರಿಗೆ ಉಸಿರಾಡ್ತಾ ಮಲಗಿರೋವಾಗ?"

ಬೇರೆ ಯಾರಾದರೂ ಆಗಿದ್ದರೆ ಮೂಢನಂಬಿಕೆ ಎಂದು ಕೂಗಾಡುತ್ತಿದ್ದೆನೋ ಏನೋ. ಆದರೆ ನಮ್ಮ ಅಮ್ಮ ಓಲೆಯನ್ನು ಹೊಳಪು ಹಾಕಿಸಲು ಆಚಾರಿಗೆ ಕೊಟ್ಟಿದ್ದಾಗಲೇ ಅಪ್ಪ ತೋಟದಲ್ಲಿ ಹಾವು ಕಚ್ಚಿ ಹೋದರು. ಅಮ್ಮ ಸಾಯುವವರೆಗೆ ಅಂದದ್ದು ಒಂದೇ: ನನ್ನ ಓಲೆಭಾಗ್ಯವನ್ನು ನಾನೇ ಕಳಚಿ ಕೊಟ್ಟೆ. ಅದನ್ನು ಕೇಳಿ ಬೆಳೆದವರು ನಾವಿಬ್ಬರೂ. ನನ್ನ ತಲೆ ಅದನ್ನು ಒಪ್ಪುವುದಿಲ್ಲ. ಕರುಳು ಒಪ್ಪುತ್ತದೆ.

ಮತ್ತೆ ತೆನ್ಮೊಳಿಯ ಅಂಗಡಿಗೆ ಹೋಗಿ ಕಿರುಚಾಡಿದೆ. ಅವಳು ನೆಮ್ಮದಿಯಾಗಿ ಕೇಳಿ, "ನನ್ನ ಕಿವಿಯಲ್ಲೂ ಓಲೆ ಇದೆ ಅಣ್ಣಾ. ಹಾಡು ಕೇಳುವಾಗ ತೆಗೆದಿಡ್ತೀನಿ. ಅಕ್ಕನಿಗೂ ಹಾಗೇ ಹೇಳಿ," ಎಂದಳು.

"ಅದೊಂದನ್ನ ಬಿಟ್ಟು ಬೇರೆ ಹೇಳು."

"ಬೇರೆ ಏನು ಹೇಳಲಿ? ಕಿವಿ ಮೇಲೆ ಕೂರೋದು ಕಿವಿ ಮೇಲೇ ಕೂರುತ್ತೆ."

ಬೇರೆ ಯಾರನ್ನೂ ಕೇಳದೆ, ಅಕ್ಕನ ಮನೆಗೇ ಬ್ಲೇಡು ಒಯ್ದು ಆ ಸ್ಪಂಜಿನ ಕೆಳಭಾಗದಲ್ಲಿ ಓಲೆಯ ಗಾತ್ರಕ್ಕೆ ಗುಂಡಿ ಕೊರೆದೆ. ಅಕ್ಕ ಹಾಕಿಕೊಂಡಳು, ಓಲೆ ಆ ಗುಂಡಿಯೊಳಗೆ ಸರಿಯಾಗಿ ಕೂತಿತು. ನೋವಿಲ್ಲ ಎಂದಳು. ಆದರೆ ಕೊರೆದ ಕಡೆಯಿಂದ ಧ್ವನಿ ಸೋರಿಹೋಗಿ ಅವಳಿಗೆ ಸರಿಯಾಗಿ ಕೇಳಿಸಲಿಲ್ಲ. ಕೇಳಿಸಲೆಂದು ಸೌಂಡು ಏರಿಸಿದಳು. ಸೋರಿದ್ದು ಜೀರುಂಡೆಯ ಸದ್ದಿನಂತೆ ಕೋಣೆಯಲ್ಲೆಲ್ಲ ಹರಡಿತು. ಮಂಚದ ಮೇಲೆ ಭಾವ ಎಡಗೈಯಿಂದ ತಲೆ ಹಿಡಿದುಕೊಂಡರು. ಅಕ್ಕ ಕಿತ್ತು ತೆಗೆದಳು.

"ಏ...ನು?" ಎಂದರು ಭಾವ, ಕಷ್ಟಪಟ್ಟು. ಅವರಿಗೆ ಅಲ್ಲಿಯವರೆಗೆ ಯಾರೂ ಏನೂ ಹೇಳಿರಲಿಲ್ಲ. ಈಗ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಗಾಯ, ಓಲೆ, ಎಲ್ಲ.

ಭಾವ ಎಡಗೈ ಬೀಸಿ ಅಕ್ಕನನ್ನು ಹತ್ತಿರ ಕರೆದರು. ಬಗ್ಗಿದಳು. ಅವರ ಬೆರಳು ಅವಳ ಕಿವಿಯ ಹಿಂದೆ ಹೋಗಿ ತಿರುಪನ್ನು ಹುಡುಕಿತು. ತಿರುಗಿಸಲು ನೋಡಿತು. ಏನು ಮಾಡುತ್ತಿದ್ದಾರೆ ಎಂದು ಗೊತ್ತಾದದ್ದೇ ಅಕ್ಕ ಹಾರಿ ಹಿಂದೆ ಸರಿದಳು.

"ಅಯ್ಯೋ! ನಿಮಗೇನು ಬುದ್ಧಿ ಕೆಟ್ಟಿದೆಯಾ? ನೀವೇ ತೆಗೀತೀರಾ?"

"ಕೇ...ಳು," ಎಂದರು ಭಾವ. "ನೀ...ನು ಕೇಳು."

"ನಾನು ಕೇಳದಿದ್ದರೆ ಸಾಯಲ್ಲ. ಕೈ ತೆಗೀರಿ."

ಭಾವ ಫೋನಿನ ಕಡೆ ಬೆರಳು ತೋರಿಸಿ ನನಗೆ ಸನ್ನೆ ಮಾಡಿದರು, ಹಿಂದೆ ಶೆಡ್ಡಿನಲ್ಲಿ ಮಾಡುತ್ತಿದ್ದಂಥ ಸನ್ನೆ: ಏರಿಸು, ಎಲ್ಲರಿಗೂ ಹಾಕು. ಬೇಡ ಭಾವ ಎಂದೆ. ಮಂಚವನ್ನು ಗುದ್ದಿದರು. ಹೆಡ್‌ಫೋನಿನ ಸಂಪರ್ಕ ತೆಗೆದು ಫೋನಿನಲ್ಲೇ ಹಾಕಿದೆ.

ಹರಿಕತೆಯವರ ಧ್ವನಿ ಕೋಣೆ ತುಂಬಿತು. ಒಳ್ಳೆಯ ಕನ್ನಡ, ತಾಳ, ನಡುವೆ ಒಂದು ತಮಾಷೆ. ಅಕ್ಕ ಕತ್ತರಿ ಹಿಡಿದು ಕೂತಳು, ಕತ್ತರಿಸಲಿಲ್ಲ. ಭಾವ ಟವೆಲಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಹಣೆಯ ನರ ಉಬ್ಬಿತು. ಕಣ್ಣಿನಿಂದ ನೀರು ಕಿವಿಯ ಕಡೆ ಹರಿಯಿತು. ಅಕ್ಕ ತಿರುಗಿ ನೋಡಿದಾಗ ಟವೆಲ್ ಬಿಟ್ಟು ಅರ್ಧ ಬಾಯಲ್ಲಿ ನಕ್ಕು, "ಚೆ...ನ್ನಾಗಿದೆ" ಅಂದರು.

ಕತೆಯವರು ಒಂದು ಹಾಡು ಮುಗಿಸುವಷ್ಟರಲ್ಲಿ ಅಕ್ಕ ಫೋನ್ ನಿಲ್ಲಿಸಿದಳು.

"ಚಾರ್ಜ್ ಮುಗೀತು," ಎಂದಳು.

ಮುಗಿದಿರಲಿಲ್ಲ. ಅದು ಭಾವನಿಗೂ ಗೊತ್ತಿತ್ತು. "ಇನ್ನೂ... ಹಾಕು," ಎಂದರು. ಅಕ್ಕ ಕೇಳಿಸದವಳ ಹಾಗೆ ಒಂದು ಬನಿಯನ್ನನ್ನು ಮಡಿಲಿಗೆಳೆದುಕೊಂಡು ಪಿಸಿರು ಹುಡುಕತೊಡಗಿದಳು. ನಾನು ಕೊರೆದ ಹೆಡ್‌ಫೋನ್ ಕೈಯಲ್ಲಿ ಹಿಡಿದುಕೊಂಡು ನಡುವೆ ನಿಂತಿದ್ದೆ. ಬೈಯಬೇಕೆಂದರೆ ಯಾರನ್ನು ಬೈಯುವುದು? ಮುಗಿದ ಮೂಟೆಯನ್ನು ಹೆಗಲಿಗೇರಿಸಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಂದೆ.